ಒಣಗದ ಗುಡ್ಡ

ಅಣ್ಣ ತೀರಿಕೊಂಡು ಹದಿಮೂರು ದಿನ ಕಳೆದ ಮೇಲೆ ಅವನ ಧೋತರಗಳನ್ನು ಯಾರಿಗಾದರೂ ಕೊಡೋಣವೆಂದು ವೈನಿ ಪೆಟ್ಟಿಗೆಯಿಂದ ಹೊರಗೆ ತೆಗೆದರು. ಒಂದೊಂದಕ್ಕೂ ಎಡಗಡೆಯ ಒಳಚುಂಗಿನಲ್ಲಿ ಬಣ್ಣದ ಕಲೆ. ಕುಂಚ ಒರೆಸಲು ಬೇರೆ ಬಟ್ಟೆ ಇಟ್ಟರೂ ಅವನ ಕೈ ಚುಂಗಿಗೇ ಹೋಗುತ್ತಿತ್ತು. "ಇವನ್ನ ಯಾರ್ ಉಡ್ತಾರ ಹೇಳು, ಹೋಳಿ ಆಡಿ ಬಂದಂಗ ಅವ" ಎಂದು ವೈನಿ ನಕ್ಕರು, ನಗುತ್ತಲೇ ಅಳತೊಡಗಿದರು. ಅಣ್ಣನ ಹೆಂಡತಿಯಾಗಿ ಅವರಿಗೆ ಅಳುವ ಹಕ್ಕಿತ್ತು. ನಾನು ಧೋತರಗಳನ್ನು ಮಡಚಿ ಮತ್ತೆ ಪೆಟ್ಟಿಗೆಯಲ್ಲಿಟ್ಟೆ.

ಬರೆಯುವುದು ನನಗೆ ರೂಢಿಯಿಲ್ಲ. ನಮ್ಮ ಶಹಾಪುರದಲ್ಲಿ ನಿಜಾಮರ ಕಾಲದ ಶಾಲೆಗೆ ನನ್ನನ್ನು ಎರಡನೆಯ ಜಮಾತಿನವರೆಗೆ ಕಳಿಸಿದರು. ಅದೂ ಉರ್ದು ಶಾಲೆ. ಆಮೇಲೆ ಅಪ್ಪ ತೀರಿಕೊಂಡ, ಅವ್ವ ನನ್ನನ್ನು ಶಾಲೆ ಬಿಡಿಸಿದಳು. ಕನ್ನಡ ನನಗೆ ಬಂದದ್ದು ಅಣ್ಣನ ಬೋರ್ಡುಗಳಿಂದ. ಅವನು ಸೀಮೆಸುಣ್ಣದಿಂದ ಅಕ್ಷರದ ಅಂಚು ಎಳೆದು ಕೊಡುತ್ತಿದ್ದ, ನಾನು ಒಳಗೆ ಬಣ್ಣ ತುಂಬುತ್ತಿದ್ದೆ. ನಾನು ಮೊದಲು ಓದಿದ ಕನ್ನಡದ ಪದ 'ದವಾಖಾನೆ'. ಆಸ್ಪತ್ರೆಗೆ ಹಾಕುವ ಬೋರ್ಡು ಅದು. 'ಖ'ದ ಹೊಟ್ಟೆಯಲ್ಲಿ ಬಣ್ಣ ತುಂಬುವಾಗ ಅಂಚು ದಾಟಿದ್ದಕ್ಕೆ ಅಣ್ಣ, "ದವಾಖಾನಿಗಿ ಬಂದವ ಇದನ್ನ ನೋಡಿ ಇನ್ನಷ್ಟು ಬ್ಯಾನಿ ಬಿದ್ದಾನು" ಎಂದಿದ್ದ.

ಆ ವರ್ಷಗಳಲ್ಲಿ ಅವನಿಗೆ ಕೈತುಂಬ ಕೆಲಸ. ನಿಜಾಮರ ಸರಕಾರ ಹೋಗಿತ್ತು. ಕಚೇರಿ, ಶಾಲೆ, ಅಂಗಡಿ, ಎಲ್ಲ ಕಡೆ ಉರ್ದು ಇದ್ದಲ್ಲಿ ಕನ್ನಡ ಬರೆಸುತ್ತಿದ್ದರು. ಹಳೆಯ ಬೋರ್ಡನ್ನು ಕೆತ್ತಿ ಒಗೆಯಲು ಎಲ್ಲರಿಗೂ ಅವಸರ. ಅಣ್ಣ ಮಾತ್ರ ಕೆತ್ತುತ್ತಿರಲಿಲ್ಲ. ಹಳೆಯ ಅಕ್ಷರದ ಮೇಲೆ ತೆಳ್ಳಗೆ ಬಿಳಿ ಬಳಿದು, ಒಣಗಿಸಿ, ಮತ್ತೆ ಬಳಿದು, ಮೂರನೆಯ ಸಲಕ್ಕೆ ಅದು ಕಾಣದಂತೆ ಮಾಡುತ್ತಿದ್ದ. "ಇದನ್ನೂ ಯಾವನೋ ಕುಂತು, ಬೆನ್ನು ನೋಯಿಸ್ಕೊಂಡು ಬರದಾನ" ಎನ್ನುತ್ತಿದ್ದ.

ಅವನು ಬಣ್ಣ ಕಲಿತದ್ದು ಸುರಪುರದಲ್ಲಿ, ಸಂಸ್ಥಾನದ ಕಾಲದಿಂದ ದೇವರ ಚಿತ್ರ ಬರೆಯುತ್ತಿದ್ದ ಒಬ್ಬ ಮುದುಕರ ಹತ್ತಿರ. ಅಲ್ಲಿ ಆರು ವರ್ಷ ಬಣ್ಣ ಅರೆದ. ಆ ಮುದುಕರದು ಗೋಂದಿನ ಬಣ್ಣ, ಬಂಗಾರದ ರೇಕು. ಎಣ್ಣೆಯನ್ನು ಅವರು ಮುಟ್ಟಿದವರಲ್ಲ. ಎಣ್ಣೆಬಣ್ಣವನ್ನು ಅಣ್ಣ ತಾನೇ ಹುಡುಕಿ, ಕೆಡಿಸಿ, ಮತ್ತೆ ಹುಡುಕಿ ಕಲಿತ. ಹಾಗಾಗಿ ಅದರಲ್ಲೇನಾದರೂ ತಪ್ಪಾದರೆ ಹೋಗಿ ಕೇಳಲು ಅವನಿಗೆ ಯಾರೂ ಇರಲಿಲ್ಲ. ಈ ಮಾತನ್ನು ನಾನು ಬೇಕೆಂದೇ ಇಲ್ಲಿ ಬರೆಯುತ್ತಿದ್ದೇನೆ.

ಬಣ್ಣಗಳಿಗೆ ಅವನದೇ ಹೆಸರು. ಎಮ್ಮೆ ನಾಲಿಗೆ, ಹೊತ್ತಿದ ರೊಟ್ಟಿ, ಎಳೆ ಬದನೆಕಾಯಿ. "ಎಮ್ಮಿ ನಾಲಿಗಿಗಿ ಚೂರು ಸಫೇದ ಹಾಕು" ಎಂದರೆ ನನಗೆ ತಿಳಿಯುತ್ತಿತ್ತು, ಸಫೇದವೆಂದರೆ ಬಿಳಿ. ಅವ್ವ ಒಳಗಿನಿಂದ, "ಏನ್ ಅಡಗಿ ಮಾಡಾಕತ್ತೀರಿ ಅಣ್ಣ ತಂಗಿ? ನಮಗೂ ಒಂದೀಟು ನೀಡ್ರಿ" ಎಂದು ಕಾಲೆಳೆಯುತ್ತಿದ್ದಳು.

ಶಹಾಪುರದ ಗುಡ್ಡ ನೋಡಿದವರಿಗೆ ಗೊತ್ತು, ಅದು ಅಂಗಾತ ಮಲಗಿದ ಮನುಷ್ಯನ ಹಾಗಿದೆ. ಹಣೆ, ಮೂಗು, ಗದ್ದ, ಎದೆ. ಈಗ ಎಲ್ಲರೂ ಅದನ್ನು ಮಲಗಿದ ಬುದ್ಧ ಎನ್ನುತ್ತಾರೆ. ನಾವು ಬರಿ 'ಮಲಗಿದಾಂವ' ಎನ್ನುತ್ತಿದ್ದೆವು. ನಮ್ಮ ಮಾಳಿಗೆಯ ಮೇಲೆ ನಿಂತರೆ ಅವನು ಪೂರಾ ಕಾಣುತ್ತಿದ್ದ. ಹೊತ್ತು ಮುಳುಗುವಾಗ ಅಣ್ಣ ಎಲ್ಲಿದ್ದರೂ ಮಾಳಿಗೆ ಏರುತ್ತಿದ್ದ. ಉಣ್ಣುತ್ತಿದ್ದರೆ ತುತ್ತು ಕೈಯಲ್ಲಿಯೇ ಇರುತ್ತಿತ್ತು.

ಸಂಜೆಯ ಗುಡ್ಡವನ್ನು ಬರೆಯುವುದರ ಕಷ್ಟ ನನಗೆ ಗೊತ್ತಿರುವಷ್ಟು ಹೇಳುತ್ತೇನೆ. ಆ ಹೊತ್ತಿನ ಬಣ್ಣ ನಿಲ್ಲುವುದು ಬಹಳ ಸ್ವಲ್ಪ ಹೊತ್ತು. ಅಷ್ಟರಲ್ಲಿ ನೋಡಿ ಕಲೆಸೋಣವೆಂದರೆ ಬೆಳಕು ಕಮ್ಮಿ. ಕೈಯಲ್ಲಿ ಕಲೆಸುತ್ತಿರುವ ಬಣ್ಣವೇ ಸರಿಯಾಗಿ ಕಾಣುವುದಿಲ್ಲ. ಬೆಳಿಗ್ಗೆ ಎದ್ದು ನೋಡಿದರೆ ಬೇರೆಯೇ ಆಗಿರುತ್ತದೆ. ಅಣ್ಣ ಅದಕ್ಕೊಂದು ದಾರಿ ಕಂಡುಕೊಂಡಿದ್ದ. ಮಧ್ಯಾಹ್ನದ ಬೆಳಕಿನಲ್ಲಿ ಒಂದು ಉದ್ದನೆಯ ಪಟ್ಟಿಯ ಮೇಲೆ ಹನ್ನೆರಡು ಥರ ಕಲೆಸಿ ಬಳಿಯುತ್ತಿದ್ದ. ನೀಲಿ, ಕಡುಗೆಂಪಿನ ಕಿರಮಂಜಿ, ಸಫೇದ, ಒಂದರಲ್ಲಿ ಒಂದು ಹೆಚ್ಚು, ಒಂದರಲ್ಲಿ ಇನ್ನೊಂದು ಹೆಚ್ಚು. ಯಾವುದರಲ್ಲಿ ಎಷ್ಟು ಎಂದು ಪಕ್ಕದಲ್ಲಿ ಚುಕ್ಕೆ ಇಡುತ್ತಿದ್ದ. ಸಂಜೆ ನಾನು ಆ ಪಟ್ಟಿಯನ್ನು ಎರಡೂ ಕೈಯಿಂದ ಎತ್ತಿ ಗುಡ್ಡಕ್ಕೆ ಅಡ್ಡ ಹಿಡಿಯಬೇಕು. ಅವನು ಹತ್ತು ಹೆಜ್ಜೆ ಹಿಂದೆ ಹೋಗಿ ಒಂದು ಕಣ್ಣು ಮುಚ್ಚಿ ನಿಲ್ಲುತ್ತಿದ್ದ. ಯಾವ ಬಣ್ಣ ಗುಡ್ಡದೊಳಗೆ ಸೇರಿ ಕಾಣದೆ ಹೋಗುತ್ತದೋ ಅದೇ ಆ ಹೊತ್ತಿನ ಬಣ್ಣ.

"ಏಳು ಹೋತು!" ಎಂದು ಕೂಗುತ್ತಿದ್ದ. ಸ್ವಲ್ಪ ಹೊತ್ತಿಗೆ "ಒಂಬತ್ತು ಹೋತು! ಕೈ ನಡಗಸಬ್ಯಾಡ, ಮಲಗಿದಾಂವ ಎದ್ದು ಕುಂತಾನು!"

ನಾನು ಒಮ್ಮೆ, ಕತ್ತಲೆಗೆ ಒಂದಿಷ್ಟು ಕರಿ ಹಾಕಿದರೆ ಬೇಗ ಆಗುವುದಿಲ್ಲವೇ ಎಂದು ಕೇಳಿದೆ. ಅವನು ನನ್ನ ತಲೆಗೆ ಮೊಟಕಿದ. "ಕತ್ತಲಿ ಅಂದ್ರ ಕರಿ ಅಲ್ಲ ತಂಗಿ. ಕರಿ ಹಾಕಿದಿ ಅಂದ್ರ ಮಲಗಿದಾಂವ ಸತ್ತೇ ಹೋಗ್ತಾನ."

ಆಗ ಸುದ್ದಿ ಬಂತು. ಶಾಲೆಗಳಿಗೆ ಚಿತ್ರದ ಮಾಸ್ತರರನ್ನು ತೆಗೆದುಕೊಳ್ಳುತ್ತಾರೆ, ಪರೀಕ್ಷೆ ಪಾಸಾದ ಕಾಗದ ಇಲ್ಲದವರು ಎಣ್ಣೆಬಣ್ಣದಲ್ಲಿ ತಾವೇ ಬರೆದ ಒಂದು ಚಿತ್ರ ತರಬೇಕು, ಶ್ರಾವಣದ ಕೊನೆಗೆ ಯಾದಗಿರಿಗೆ ಒಬ್ಬ ಸಾಹೇಬರು ಬಂದು ನೋಡುತ್ತಾರೆ ಎಂದು. ಅಣ್ಣನಿಗೆ ಮಾಸ್ತರನಾಗುವ ಆಸೆ ಎಷ್ಟಿತ್ತೆಂದರೆ, ಅದನ್ನು ಬಾಯಿಬಿಟ್ಟು ಹೇಳಲಿಲ್ಲ. ಒಂದು ಹಳೆಯ ಕದವನ್ನು ಬಿಚ್ಚಿ, ಹಲಗೆ ತೆಗೆದು, ಉಜ್ಜಿ ನುಣುಪು ಮಾಡಿದ. "ಮಲಗಿದಾಂವನ್ನ ಯಾದಗಿರಿಗಿ ಒಯ್ತೀನಿ" ಎಂದಷ್ಟೇ ಅಂದ.

ಎಣ್ಣೆಯನ್ನು ಅವನು ಹೋಳಿಹುಣ್ಣಿಮೆಯಿಂದಲೇ ಸಿದ್ಧಮಾಡುತ್ತಿದ್ದ. ಗಾಣದಿಂದ ತಂದ ಅಗಸೆ ಎಣ್ಣೆಯನ್ನು ಅಗಲ ಬಾಯಿಯ ಗಾಜಿನ ಬರಣಿಯಲ್ಲಿ ಹಾಕಿ, ತೆಳು ಬಟ್ಟೆ ಕಟ್ಟಿ, ಮಾಳಿಗೆಯ ಮೇಲೆ ಬೇಸಿಗೆಯ ಬಿಸಿಲಿಗೆ ಇಟ್ಟಿದ್ದ. ಮೂರು ತಿಂಗಳ ಬಿಸಿಲಿಗೆ ಕಸರೆಲ್ಲ ಕೆಳಗಿಳಿದು ಎಣ್ಣೆ ಜೇನಿನ ಹಾಗೆ ತಿಳಿಯಾಗಿ, ದಪ್ಪವಾಗಿತ್ತು. "ಆ ಬರಣಿ ಒಂದ್ ಬಿಟ್ಟು ಮನಿಯಾಗ ಏನ್ ಬೇಕಾದ್ದು ಮುಟ್ಟು" ಎಂದು ನನಗೆ ಹೇಳಿದ್ದ.

ನನಗಾಗ ಹದಿನಾಲ್ಕು. ಒಂದು ಮಧ್ಯಾಹ್ನ ಮಾಳಿಗೆಯ ಮೇಲೆ ಮೆಣಸಿನಕಾಯಿ ಹರಡಲು ಹೋದವಳು ಬರಣಿಯನ್ನು ಎತ್ತಿದೆ. ಎಣ್ಣೆಯೊಳಗಿಂದ ಗುಡ್ಡವನ್ನು ನೋಡಬೇಕೆನಿಸಿತ್ತು, ಬೇರೇನಿಲ್ಲ. ನೋಡಿದೆ. ಗುಡ್ಡ ಎಡಬಲ ಅದಲುಬದಲಾಗಿ, ಬಂಗಾರದ ಬಣ್ಣವಾಗಿ ಕಂಡಿತು. ನಗು ಬಂತು. ಮೆಣಸಿನಕಾಯಿ ಮುಟ್ಟಿದ ಕೈ ಉರಿಯುತ್ತಿತ್ತೋ, ಬರಣಿ ಎಣ್ಣೆಯಿಂದ ಜಾರುತ್ತಿತ್ತೋ, ಕೈತಪ್ಪಿ ಬಿತ್ತು. ಒಡೆಯಲಿಲ್ಲ. ಒಡೆದಿದ್ದರೆ ನಾನು ಅತ್ತು, ಬೈಸಿಕೊಂಡು, ಅಲ್ಲಿಗೆ ಮುಗಿಯುತ್ತಿತ್ತು. ಮಗ್ಗುಲಾಗಿ ಬಿದ್ದು ಅರ್ಧಕ್ಕೂ ಹೆಚ್ಚು ಎಣ್ಣೆ ಚೆಲ್ಲಿತು. ಮಾಳಿಗೆಯ ಮಣ್ಣು ಅದನ್ನು ಕುಡಿದುಬಿಟ್ಟಿತು. ನಾನು ಮೇಲೆ ಬೂದಿ ಉದುರಿಸಿ, ಮೆಣಸಿನಕಾಯಿ ಹರಡಿದೆ.

ಕೆಳಗೆ ಅಡುಗೆಮನೆಯಲ್ಲಿ ಕುಸುಬಿ ಎಣ್ಣೆ ತೀರಿತ್ತು. ಶೇಂಗಾ ಎಣ್ಣೆ ಇತ್ತು. ಬರಣಿಯನ್ನು ಅದರಿಂದ ತುಂಬಿ, ಕಡ್ಡಿಯಿಂದ ಕಲಕಿ, ಬಟ್ಟೆ ಕಟ್ಟಿ, ಇದ್ದಲ್ಲಿಯೇ ಇಟ್ಟೆ. ಎಣ್ಣೆ ಎಣ್ಣೆಯೇ ತಾನೆ ಎಂದುಕೊಂಡೆ. ಬಣ್ಣ ಹೊಳೆಯಲೆಂದು ಎಣ್ಣೆ ಹಾಕುತ್ತಾರೆ ಎಂದೇ ನಾನು ತಿಳಿದಿದ್ದೆ. ಅಗಸೆ ಎಣ್ಣೆ ಗಾಳಿಗೆ ಒಣಗಿ ಗಟ್ಟಿಯಾಗುತ್ತದೆ, ಶೇಂಗಾ ಎಣ್ಣೆ ಎಂದಿಗೂ ಆಗುವುದಿಲ್ಲ ಎಂಬುದು ನನಗೆ ಗೊತ್ತಿರಲಿಲ್ಲ. ಗೊತ್ತಾಗಲು ಬಹಳ ದಿನ ಹಿಡಿಯಲಿಲ್ಲ.

ಅವನು ಆ ಚಿತ್ರ ಬರೆದದ್ದನ್ನು ಹೇಗೆ ಹೇಳಲಿ. ಆಷಾಢದ ಮೋಡದ ಸಂಜೆಗಳು. ನಾನು ಕಲ್ಲಿನ ಮೇಲೆ ಬಣ್ಣ ಅರೆದು ಕೊಡುತ್ತಿದ್ದೆ, ಆ ಬರಣಿಯ ಎಣ್ಣೆಯಲ್ಲಿಯೇ. ಹೈದರಾಬಾದಿನಿಂದ ತರಿಸಿದ ಕಿರಮಂಜಿ ಪುಡಿಯನ್ನು ಅವನು ಉಗುರಿನ ತುದಿಯಿಂದ ಹಾಕುತ್ತಿದ್ದ. ಹಲಗೆಯ ಮೇಲೆ ಮಲಗಿದಾಂವನ ಹಣೆ ಬಂತು, ಎದೆ ಬಂತು. ಕೊನೆಗೆ ಒಂದು ದಿನ ಗುಡ್ಡದ ಬುಡದಲ್ಲಿ ಆ ಎಳೆ ಬದನೆಕಾಯಿಯ ಬಣ್ಣ ಕೂತಾಗ ಅವ್ವ ಮೇಲೆ ಬಂದವಳು ನೋಡಿ, "ಯಪ್ಪಾ, ದೀಪ ಹಚ್ಚೂ ಹೊತ್ತಾತು" ಎಂದಳು. ಆಗಿನ್ನೂ ಬಿಸಿಲಿತ್ತು. ಅವಳು ಚಿತ್ರ ನೋಡಿ ಹಾಗೆ ಅಂದಿದ್ದಳು. ಅಣ್ಣ ನಗುತ್ತ ಬೇರೆ ಕಡೆ ಮುಖ ತಿರುಗಿಸಿದ.

ಚಿತ್ರ ಒಣಗಲಿಲ್ಲ. ಎಂಟು ದಿನ ನೋಡಿದ, ಹದಿನೈದು ದಿನ ನೋಡಿದ. ತಂಪು ಹವೆ ಎಂದುಕೊಂಡ. ಬಿಸಿಲು ಬಂದಾಗ ಹೊರಗೆ, ಮೋಡವಾದಾಗ ಒಲೆಯ ಹತ್ತಿರ ಇಟ್ಟ. ಒಂದು ಬೆಳಿಗ್ಗೆ ನನ್ನನ್ನು ಕರೆದು ಕೇಳಿದ.

"ತಂಗಿ, ಎಣ್ಣಿಗಿ ಏನಾರ ಆಗ್ಯಾದೇನು? ನೀರು ಬಿತ್ತೇನು? ಯಾರಾರ ಮುಟ್ಯಾರೇನು?"

"ಇಲ್ಲಣ್ಣ."

"ನೀ ಏನಾರ..."

"ನಾ ಯಾಕ ಮುಟ್ಲಿ? ಮುಟ್ಟಬ್ಯಾಡ ಅಂದಿ, ಮುಟ್ಟಿಲ್ಲ."

ಅವನು ನನ್ನ ಮುಖ ನೋಡಿದ, ನಂಬಿದ. ಸಾಹೇಬರು ಬರಲು ಇನ್ನೂ ಹದಿನಾರು ದಿನ ಉಳಿದಿತ್ತು. ಆಗ ಹೇಳಿದ್ದರೆ ಗಾಣದವನ ಹತ್ತಿರ ಹೋಗಿ ಅಗಸೆ ಎಣ್ಣೆ ತಂದು, ಕಾಯಿಸಿ, ಚಿಕ್ಕದಾದರೂ ಇನ್ನೊಂದು ಬರೆಯುತ್ತಿದ್ದ. ನನ್ನ ತಪ್ಪು ಎಣ್ಣೆ ಚೆಲ್ಲಿದ್ದಲ್ಲ. ಈ ಹದಿನಾರು ದಿನ ಬಾಯಿ ಮುಚ್ಚಿಕೊಂಡಿದ್ದು.

"ಹಂಗಾರ ಇದು ಕಿರಮಂಜಿದೇ ಕೆಲಸ" ಎಂದ. "ಈ ಬಣ್ಣಕ್ಕ ಎಣ್ಣಿ ಕೂಡಂಗಿಲ್ಲ. ನಂಗ ತಿಳೀಲಿಲ್ಲ."

ಯಾದಗಿರಿಗೆ ಹೋಗುವ ದಿನ ಹಲಗೆಯ ನಾಲ್ಕು ಮೂಲೆಗೆ ಕಡ್ಡಿ ಬಡಿದು, ಬಣ್ಣಕ್ಕೆ ತಾಗದಂತೆ ಮೇಲೆ ಮಡಿ ಧೋತರ ಬಿಗಿದು ಕಟ್ಟಿದ. ಬಸ್ಸಿನಲ್ಲಿ ಮಡಿಲಲ್ಲಿಟ್ಟುಕೊಂಡು ಕೂತಿದ್ದನಂತೆ. ದೋರನಹಳ್ಳಿಯಲ್ಲಿ ಹತ್ತಿದವರು ಜೋಳದ ಚೀಲವನ್ನು ಅವನ ಮೇಲೆಯೇ ಒರಗಿಸಿದರು. ಕಡ್ಡಿ ಮುರಿದವು. ಯಾದಗಿರಿಯಲ್ಲಿ ಸಾಹೇಬರ ಮುಂದೆ ಧೋತರ ಬಿಚ್ಚಿದಾಗ ಅರ್ಧ ಗುಡ್ಡ ಬಟ್ಟೆಗೆ ಬಂದಿತ್ತು.

ಸಂಜೆ ಬಂದು ಅಣ್ಣ ಕಟ್ಟೆಯ ಮೇಲೆ ಕೂತ. ಅವ್ವ ನೀರು ಕೊಟ್ಟಳು. ಅವನೇ ಹೇಳಿದ. "ಸಾಹೇಬ ಛಲೋ ಮನುಷ್ಯನೇ. ಸಿಟ್ಟು ಮಾಡ್ಲಿಲ್ಲ. 'ತೇಲ್ ಕಾ ಕಾಮ್ ತುಮ್ಕು ನೈ ಆತಾ' ಅಂದ. ಎಣ್ಣಿ ಕೆಲಸ ನಿನಗ ಬರಂಗಿಲ್ಲ, ಮಕ್ಕಳಿಗೇನು ಕಲಸ್ತಿ ಅಂದ. ಖರೇನೇ ಅದಲ್ಲ?" ಆಮೇಲೆ ನನ್ನ ಕಡೆ ನೋಡಿ, "ಮಲಗಿದಾಂವ ಧೋತರ ಉಟ್ಕೊಂಡ ನೋಡು ತಂಗಿ" ಎಂದ. ಅವ್ವ ನಗಲಿಲ್ಲ. ನಾನು ನಕ್ಕೆ. ನಗದಿದ್ದರೆ ಅಳುತ್ತಿದ್ದೆ, ಅತ್ತರೆ ಕೇಳುತ್ತಿದ್ದರು.

ಕಿರಮಂಜಿಯ ಪುಡಿಕೆಯನ್ನು ತಿಪ್ಪೆಗೆ ಎಸೆದ. ಕೆಲವು ತಿಂಗಳ ಮೇಲೆ ಹಲಗೆಯನ್ನು ಸೀಮೆಎಣ್ಣೆಯಿಂದ ತೊಳೆದು ಅದರ ಮೇಲೆ ಒಂದು ಚಹಾದಂಗಡಿಯ ಬೋರ್ಡು ಬರೆದ. ಅದರ ಅಕ್ಷರಗಳಿಗೂ ಬಣ್ಣ ತುಂಬಿದವಳು ನಾನೇ.

ಮುಂದೆ ನಮ್ಮ ಸೀಮೆ ಮೈಸೂರು ರಾಜ್ಯಕ್ಕೆ ಸೇರಿತು, ಬೋರ್ಡುಗಳ ಮೇಲಿನ ಸರಕಾರದ ಹೆಸರು ಮತ್ತೆ ಬದಲಾಯಿತು, ಅಣ್ಣ ಮತ್ತೆ ಬರೆದ. ಡಬ್ಬಿಯ ಬಣ್ಣ ಬಂತು. ಬಸ್ಸು, ಲಾರಿ, ನೀರಿನ ಟಾಕಿ ಎಲ್ಲಕ್ಕೂ ಬರೆದ. ಲಾರಿಯವರು ಹಿಂದುಗಡೆ ಗುಡ್ಡ, ಸೂರ್ಯ ಬೇಕೆಂದು ಕೇಳುತ್ತಿದ್ದರು. ಬರೆದುಕೊಡುತ್ತಿದ್ದ. ಆ ಗುಡ್ಡಗಳು ಬರಿ ನೀಲಿ, ಆಕಾಶ ಬರಿ ಹಳದಿ. ಸಂಜೆ ಮಾಳಿಗೆ ಏರುವುದನ್ನು ಬಿಟ್ಟಿದ್ದ. ಯಾಕೆಂದು ವೈನಿ ಕೇಳಿದರೆ, "ಮಣಕಾಲು" ಎನ್ನುತ್ತಿದ್ದ. ಮೂವತ್ತು ವರ್ಷದವನಿಗೆ ಎಂಥ ಮೊಣಕಾಲು.

ನನ್ನ ಮದುವೆಯಾಯಿತು. ದೇವಾಪುರಕ್ಕೆ ಕೊಟ್ಟರು. ಮಕ್ಕಳಾಗಲಿಲ್ಲ, ಗಂಡ ತೀರಿಕೊಂಡ. ಅಣ್ಣನೇ ಬಂದು ಕರೆದುಕೊಂಡು ಹೋದ. "ಬಣ್ಣ ತುಂಬಾವರು ಯಾರೂ ಇಲ್ಲ ನಡಿ" ಎಂದ, ಅವನ ಹಂಗಿನಲ್ಲಿದ್ದೇನೆ ಎಂದು ನನಗೆ ಅನಿಸದಿರಲೆಂದು. ಆಮೇಲೆ ಇಪ್ಪತ್ತು ವರ್ಷ ಅವನ ಮನೆಯ ರೊಟ್ಟಿ ಉಂಡೆ. ವೈನಿ ಆಗಾಗ ನಿಟ್ಟುಸಿರುಬಿಟ್ಟು, "ಇವ್ರಿಗಿ ನೌಕರಿ ಆಗೇ ಬಿಡತಿತ್ತು, ಆ ಹಾಳು ಕಿರಮಂಜಿ ಕೈ ಕೊಡ್ತು" ಎನ್ನುವಾಗ ನಾನು ಒಲೆಯ ಮುಂದೆ ಕೂತು ಊದುತ್ತಿದ್ದೆ. ಹೇಳಬೇಕೆಂದು ಎಷ್ಟೋ ಸಲ ಅಂದುಕೊಂಡೆ. ಇಷ್ಟು ದಿನ ಯಾಕೆ ಹೇಳಲಿಲ್ಲ ಎಂದರೆ ಏನು ಹೇಳುವುದು? ಪ್ರತಿ ವರ್ಷವೂ ಆ ಪ್ರಶ್ನೆ ಒಂದು ವರ್ಷ ದೊಡ್ಡದಾಗುತ್ತಿತ್ತು.

ಕಳೆದ ಬೇಸಿಗೆಯಲ್ಲಿ ಒಬ್ಬ ಚಿತ್ರದ ಮಾಸ್ತರ ಮನೆ ಹುಡುಕಿಕೊಂಡು ಬಂದ. ಇನ್ನೂ ಚಿಕ್ಕ ವಯಸ್ಸು. ಅಣ್ಣ ಅಂಗಳದಲ್ಲಿ ಹೊರಸಿನ ಮೇಲೆ ಕೂತಿದ್ದ. ಅವನ ಕೈ ನಡುಗತೊಡಗಿ ಎರಡು ವರ್ಷವಾಗಿತ್ತು. "ಯಜಮಾನ್ರ, ಸುರಪುರದಾಗ ಕಲತವರು ಅಂತ ಕೇಳೀನಿ. ಎಣ್ಣಿಬಣ್ಣದ್ದು ನಾಕ್ ಮಾತು ಹೇಳ್ರಿ" ಎಂದ.

ಅಣ್ಣ ನಗುತ್ತ, "ನಂಗ ಎಣ್ಣಿ ಕೆಲಸ ಬರಂಗಿಲ್ರಿ" ಎಂದ.

"ಹಂಗ್ಯಾಕಂತೀರಿ?"

"ಖರೇನ ಬರಂಗಿಲ್ಲ. ದೊಡ್ಡವರು ನೋಡಿ ಹೇಳ್ಯಾರ."

ನಾನು ಒಳಗೆ ಹಿಟ್ಟು ನಾದುತ್ತಿದ್ದೆ. ಕೈ ನಿಂತಿತು. ಇದನ್ನು ಅವನು ನಲವತ್ತು ವರ್ಷ ತನ್ನ ಬಗ್ಗೆ ನಂಬಿಕೊಂಡಿದ್ದ. ಮಾಸ್ತರ ಹೋದ ಕೂಡಲೇ ಹಿಟ್ಟಿನ ಕೈಯಲ್ಲೇ ಹೊರಗೆ ಬಂದೆ.

"ಅಣ್ಣಾ, ಆ ಎಣ್ಣಿ ನಾ ಚೆಲ್ಲಿದ್ದೆ."

"ಯಾವ ಎಣ್ಣಿ?"

"ಮಾಳಗಿ ಮ್ಯಾಲಿಂದು. ನೀ ಗುಡ್ಡ ಬರದಿದ್ದಿ ನೋಡು, ಅದು. ಚೆಲ್ಲಿ, ಶೇಂಗಾ ಎಣ್ಣಿ ತುಂಬಿಟ್ಟಿದ್ದೆ."

ಅವನು ಕನ್ನಡಕ ತೆಗೆದ. ಧೋತರದ ಚುಂಗಿನಿಂದ ಒರೆಸಿದ. ಆಮೇಲೆ ಕೇಳಿದ್ದು ಇಷ್ಟು: "ಎಷ್ಟು?"

"ಅರ್ಧಕ್ಕ ಮ್ಯಾಲ."

"ಕುಸುಬಿ ಹಾಕಿದ್ರೂ ಒಣಗತಿತ್ತು. ಶೇಂಗಾ ಒಣಗಂಗಿಲ್ಲ."

"ಅವತ್ತು ಕುಸುಬಿ ತೀರಿತ್ತು."

"ಹೂಂ." ಕನ್ನಡಕ ಮತ್ತೆ ಹಾಕಿಕೊಂಡ. "ಹಂಗಾರ ಬಣ್ಣ ಸರಿ ಇತ್ತು" ಎಂದ. ನನಗಲ್ಲ, ಅಂಗಳಕ್ಕೆ ಹೇಳಿದಂತೆ ಹೇಳಿದ. ಸಂಜೆ ವೈನಿಗೆ, "ಕಿರಮಂಜಿದು ತಪ್ಪಿಲ್ಲ ಅಂತ ಈಗ ಗೊತ್ತಾತು" ಎಂದ. ಯಾರದು ಎಂದು ಹೇಳಲಿಲ್ಲ. ಅವರಿಗೆ ಅದು ಈ ಬರಹದಿಂದಲೇ ತಿಳಿಯಬೇಕು. ಅವರಿಗೆ ಓದು ಬರದು, ನಾನೇ ಓದಿ ಹೇಳಬೇಕು.

ಮರುದಿನ ಆ ಮಾಸ್ತರನ ಕೈಯಿಂದ ಕಿರಮಂಜಿ, ನೀಲಿ, ಸಫೇದ ತರಿಸಿದ. ಅಗಸೆ ಎಣ್ಣೆಯನ್ನು ತಾನೇ ನಾಲಿಗೆಗೆ ಹಚ್ಚಿ ನೋಡಿದ. ಅವನ ಕೈಯಲ್ಲಿ ಕುಂಚ ನಿಲ್ಲುತ್ತಿರಲಿಲ್ಲವಾದ್ದರಿಂದ ನಾನು ಕಲೆಸಬೇಕಾಯಿತು. "ನೀಲಿ ಮೂರು, ಕಿರಮಂಜಿ ಒಂದು. ಹೆಚ್ಚಾತು. ಸಫೇದ ತಾ. ಇನ್ನೊಂದೀಟು. ಸಾಕು." ಒಂದು ಗೇಣು ಹಲಗೆಯ ತುಂಡಿನ ಮೇಲೆ ತೆಳ್ಳಗೆ ಬಳಿಸಿದ. ಅದನ್ನು ದಿನಾ ಬೆಳಿಗ್ಗೆ ತರಿಸಿ ಬೆರಳ ತುದಿಯಿಂದ ಒತ್ತಿ ನೋಡುತ್ತಿದ್ದ. ಆರನೆಯ ದಿನ ಒತ್ತಿ, ಬೆರಳನ್ನು ಬೆಳಕಿಗೆ ಹಿಡಿದ. ಬೆರಳು ಸ್ವಚ್ಛವಾಗಿತ್ತು.

"ಒಣಗ್ಯಾದ" ಎಂದ.

ಅವನ ಮುಖ ನೋಡಿ ನನಗೆ ಧೈರ್ಯ ಬಂತು. "ಅಣ್ಣಾ, ಹೋಗ್ಲಿ ಬಿಡು ಅಂತ ಒಂದ್ ಮಾತು ಅಂದುಬಿಡು" ಎಂದೆ.

ಅವನು ಹಲಗೆಯ ತುಂಡನ್ನು ಹೊರಸಿನ ಮೇಲೆ ಇಟ್ಟ. ಅವನಿಗೆ ಸಿಟ್ಟಿರಲಿಲ್ಲ. ದಣಿದಿದ್ದ.

"ಅದೊಂದು ನನ್ನ ಬಾಯಾಗ ಬರಂಗಿಲ್ಲ ತಂಗಿ" ಎಂದ. "ಅಂದ್ರ ಸುಳ್ಳಾಗ್ತದ. ಹೋಗು, ಛಾ ಇಡು. ನಂಗೂ ನಿಂಗೂ."

ಛಾ ಮಾಡಿದೆ. ಇಬ್ಬರೂ ಅಂಗಳದಲ್ಲಿ ಕೂತು ಕುಡಿದೆವು. ಅದಾದ ಮೇಲೆ ಅವನು ನಾಲ್ಕು ತಿಂಗಳು ಇದ್ದ. ನನ್ನ ಕೈಯಿಂದಲೇ ಉಂಡ, ಉಪ್ಪು ಕಮ್ಮಿಯೆಂದು ಬೈದ, ಹಳೆಯ ಬೋರ್ಡುಗಳ ಮಾತು ತೆಗೆದು ನಗಿಸಿದ. ಆ ಮಾತು ಮಾತ್ರ ಅನ್ನಲಿಲ್ಲ. ನಾನೂ ಇನ್ನೊಮ್ಮೆ ಕೇಳಲಿಲ್ಲ.